ಮಾತು ಮುಗಿಯುವ ತನಕ ಚಹಾ ಇಲ್ಲ

ಆಳಂದದ ದಾಲ್ ಮಿಲ್ಲುಗಳ ಸದ್ದಿಗೇ ನಾವು ಏಳುತ್ತಿದ್ದ ಕಾಲ ಅದು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬ, ಹತ್ತಿರ ಬಂತೆಂದರೆ ಊರಿಗೆಲ್ಲ ತೊಗರಿ ಹೊಟ್ಟಿನ ವಾಸನೆ. ಒಣಹಾಕಿದ ಬಟ್ಟೆಯ ಮೇಲೆ, ಅವ್ವನ ಸೆರಗಿನ ಮೇಲೆ, ನಮ್ಮ ಕುಂಟಾಬಿಲ್ಲೆಯ ಗೆರೆಗಳ ಮೇಲೆ ಅದೇ ಧೂಳು ಕೂಡುತ್ತಿತ್ತು.

ನಮ್ಮಪ್ಪ ಶರಣಪ್ಪ ಮಿಲ್ ಕಾರ್ಮಿಕರ ಸಂಘದ ಕಾರ್ಯದರ್ಶಿ. ಮಂದಿಯ ಬಾಯಲ್ಲಿ ಲೀಡರ್ ಶರಣಪ್ಪಣ್ಣ. ಅಫಜಲಪುರದಲ್ಲಿ ಯಾರನ್ನೋ ಕೆಲಸದಿಂದ ಬಿಡಿಸಿದರು, ಜೇವರ್ಗಿಯಲ್ಲಿ ಹಮಾಲರೂ ಮಾಲೀಕರೂ ಮುಖ ತಿರುವಿ ಕೂತರು ಅಂದರೆ ನಮ್ಮ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅಪ್ಪ ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಿದ್ದ. ನಿಮ್ಮಪ್ಪ ಲೀಡರ್, ನಿನಗೆ ಎಷ್ಟು ಹೆಮ್ಮೆ ಇರಬೇಕು ಅಂತ ನಮ್ಮ ಟೀಚರ್ ಕೇಳುತ್ತಿದ್ದರು. ಹೆಮ್ಮೆಯೂ ಇಲ್ಲ, ಮಣ್ಣೂ ಇಲ್ಲ. ನನಗಿದ್ದದ್ದು ಹೊಟ್ಟೆಯುರಿ. ಇದ್ದೊಬ್ಬ ಅಪ್ಪನನ್ನು ಊರಿಗೆಲ್ಲ ಬಡಿಸಿ, ಪಾತ್ರೆಯ ತಳ ಕೆರೆದು ನನಗೆ ಹಾಕುತ್ತಾರೆ ಎನ್ನುವ ಸಿಟ್ಟು.

ಖಾತ್ರಿಯಾಗಿ ನನ್ನದು ಅಂತ ಇದ್ದದ್ದು ಒಂದೇ ಜಾಗ, ಅಪ್ಪನ ಸೈಕಲ್ಲಿನ ಮುಂದಿನ ಪೈಪು. ಒತ್ತಬಾರದೆಂದು ಅದಕ್ಕೆ ಟವೆಲ್ ಸುತ್ತಿ ನನ್ನನ್ನು ಕೂಡಿಸುತ್ತಿದ್ದ. ಅವನ ಗದ್ದ ನನ್ನ ನೆತ್ತಿಗೆ ತಾಗುತ್ತಿತ್ತು. ಹಳೇ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಅಪ್ಪ ಬೇರೆ ಯಾರಿಗೂ ಸೇರಿದವನಲ್ಲ.

ಆ ವರ್ಷ ಆ ಜಾಗಕ್ಕೂ ಪಾಲುಗಾರ್ತಿ ಬಂದಳು.

ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಹೆಂಗಸರಲ್ಲಿ ಬಸಮ್ಮ ಅಂತ ಒಬ್ಬಾಕೆ ಇದ್ದಳು. ಒಂದು ದಿನ ಇನ್ನೊಬ್ಬಾಕೆಯ ಸೆರಗು ಮಷೀನಿನ ಬೆಲ್ಟಿಗೆ ಸಿಕ್ಕಿತು. ಬಸಮ್ಮ ಓಡಿಹೋಗಿ ಸ್ವಿಚ್ ಬಂದ್ ಮಾಡಿದಳು. ಜೀವ ಉಳಿಯಿತು, ಆದರೆ ಬಸಮ್ಮನ ಕೆಲಸ ಹೋಯಿತು. ಕೇಳದೆ ಮಷೀನು ಮುಟ್ಟಿದ್ದು ತಪ್ಪು ಅಂತ ಮಿಲ್ಲಿನ ಮಾಲೀಕ ಸಾಹುಕಾರರ ವಾದ. ಎಲ್ಲ ಹೆಂಗಸರೂ ಕೆಲಸ ಬಿಟ್ಟು ಗೇಟಿನ ಮುಂದೆ ಕೂತರು. ಬಸಮ್ಮನ ಮಗಳು ಲಕ್ಷ್ಮಿ ನನ್ನ ವಾರಿಗೆಯವಳು, ಅಪ್ಪ ಇಲ್ಲದವಳು. ತಾಯಿ ಗೇಟಿನಲ್ಲಿ ಕೂತಿದ್ದಾಳೆಂದು ಅವಳನ್ನು ಅಪ್ಪ ನಮ್ಮ ಮನೆಗೆ ಕರೆತಂದ. ಹೇಗೆ? ಸೈಕಲ್ಲಿನ ಪೈಪಿನ ಮೇಲೆ ಕೂಡಿಸಿಕೊಂಡು, ನನ್ನ ಟವೆಲ್ಲಿನ ಮೇಲೆ!

ನಾನು ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದರ ಖಬರೇ ಇರಲಿಲ್ಲ. ದಾರಿಯುದ್ದಕ್ಕೂ ಅಪ್ಪನಿಗೆ ಪ್ರಶ್ನೆ ಕೇಳುತ್ತಿದ್ದಳಂತೆ: ಮಾಮಾ, ಸಾಹುಕಾರ್ರ ಹತ್ರ ಏನ ಮಾತಾಡ್ತಿ? ಸಿಟ್ಟ ಬಂದ್ರ ಏನ ಮಾಡ್ತಿ? ಅಪ್ಪನೂ ದೊಡ್ಡವರಿಗೆ ಹೇಳಿದ ಹಾಗೆ ಹೇಳುತ್ತಿದ್ದನಂತೆ. ನನಗೆ ಅಂಥ ಪ್ರಶ್ನೆ ಹೊಳೆದೇ ಇರಲಿಲ್ಲ. ಅದೂ ಒಂದು ಉರಿ.

ಅಪ್ಪನ ಒಂದು ಪದ್ಧತಿ ಬಾಜಾರಿಗೆಲ್ಲ ಗೊತ್ತಿತ್ತು. ಮಾತುಕತೆ ನಡೆದಿರುವಾಗ ಮಾಲೀಕರ ಆಫೀಸಿನಲ್ಲಿ ಹನಿ ಚಹಾ ಮುಟ್ಟುತ್ತಿರಲಿಲ್ಲ. ಮಾತು ಮುಗಿದ ಮೇಲೆ ಚಹಾ ಗೇಟಿಗೆ ಬರಬೇಕು. ಯಾರ ಸಲುವಾಗಿ ಜಗಳವಾಗಿತ್ತೋ ಅವರು ಮೊದಲು ಕುಡಿಯಬೇಕು, ಆಮೇಲೆ ಉಳಿದವರು, ಕಟ್ಟಕಡೆಗೆ ಅಪ್ಪ. ಚಹಾದ ತಾಟು ಹೊರಗೆ ಬಂತೆಂದರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ, ಮಂದಿ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಡೆಯುತ್ತಿದ್ದರು.

ಎಳ್ಳಮಾಸಿಗೆ ಹಿರೋಳ್ಳಿಯ ಮುತ್ಯಾನ ಹೊಲಕ್ಕೆ ಕರೆದೊಯ್ಯುತ್ತೇನೆ ಅಂತ ಅಪ್ಪ ನನಗೆ ಮಾತು ಕೊಟ್ಟಿದ್ದ. ಬೆಳೆಗೆ ಎಡೆ ಎರಚಿ ಚರಗ ಚೆಲ್ಲುವಾಗ ಮುತ್ಯಾನ ಹಿಂದೆ ಕೂಗುತ್ತ ಓಡುವುದು, ಬನ್ನಿಗಿಡದ ನೆರಳಲ್ಲಿ ಕೂತು ಕಾಳು-ಸೊಪ್ಪು ಕುದಿಸಿದ ಭಜ್ಜಿ ಉಣ್ಣುವುದು, ಎಲ್ಲ ಅಪ್ಪನ ಜೊತೆ, ಇಡೀ ದಿನ. ಲಕ್ಷ್ಮಿ ಇಲ್ಲದ ದಿನ. ಹಬ್ಬದ ಮುಂಜಾನೆ ಎದ್ದು ನೋಡಿದರೆ ಸೈಕಲ್ಲೂ ಇಲ್ಲ, ಅಪ್ಪನೂ ಇಲ್ಲ. ಸಾಹುಕಾರರು ಮಾತಿಗೆ ಅದೇ ದಿನ ಕರೆದಿದ್ದರು. ಅವ್ವ ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿಯ ಗಡಿಗೆ ಎಲ್ಲ ಬುಟ್ಟಿಗೆ ತುಂಬಿ, "ನಡಿ, ಗೇಟಿಗೇ ಹೋಗೂಣು. ಅಲ್ಲಿ ಹಸಗೊಂಡು ಕುಂತಾರ" ಅಂದಳು. ಲಕ್ಷ್ಮಿಯೂ ನಮ್ಮ ಜೊತೆ ಹೊರಟಳು. ನನ್ನ ಹೊಲದ ಊಟವೂ ಊರಿನ ಪಾಲಾಯಿತು.

ಗೇಟಿನಲ್ಲಿ ಚಳಿಗೆ ಹೆಂಗಸರು ಮುದುರಿ ಕೂತಿದ್ದರು. ಒಳಗೆ ಮಾತು ಒಂದೇ ಕಡೆ ಸಿಕ್ಕಿಬಿದ್ದಿತ್ತು. ಬಸಮ್ಮನನ್ನು ತಗೊಳ್ಳುತ್ತೇನೆ, ಆದರೆ ಅವಳು ಎಲ್ಲರ ಮುಂದೆ ತಪ್ಪಾಯ್ತು ಅನ್ನಬೇಕು ಅಂತ ಸಾಹುಕಾರರು. ಜೀವ ಉಳಿಸಿದಾಕೆ ಯಾಕನ್ನಬೇಕು ಅಂತ ಅಪ್ಪ.

ಅಷ್ಟರಲ್ಲಿ ಮಿಲ್ಲಿನ ಹಿಂದಿನ ಮನೆಯಿಂದ ಸಾಹುಕಾರರ ತಾಯಿ ಹೊರಗೆ ಬಂದರು. ವಯಸ್ಸಾದ ಜೀವ, ಮಿಲ್ಲಿನ ರೀತಿನೀತಿ ಗೊತ್ತಿಲ್ಲದವರು. ಹಬ್ಬದ ದಿನ ಬಾಗಿಲಲ್ಲಿ ಹೆಣ್ಣುಮಕ್ಕಳು ಬರಿಹೊಟ್ಟೆಯಲ್ಲಿ ಕೂತಿದ್ದಾರಲ್ಲ ಅಂತ ಮರುಗಿ ದೊಡ್ಡ ತಾಟಿನಲ್ಲಿ ಚಹಾ ಕಳಿಸಿಬಿಟ್ಟರು.

ತಾಟು ಗೇಟು ದಾಟಿದ್ದೇ ತಡ, ಹೆಂಗಸರೆಲ್ಲ ಹೋ ಅಂತ ಎದ್ದರು. "ಮುಗೀತು! ಮಾತ ಮುಗೀತು! ಕುಡಿಯಬೇ ಬಸಮ್ಮ!" ಬಸಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಒಂದೇ ಗುಟುಕಿಗೆ ಕುಡಿದಳು. ಎಲ್ಲರೂ ಸೆರಗು ಸಿಕ್ಕಿಸಿ ಒಳಗೆ ನುಗ್ಗಿದರು.

ಗದ್ದಲ ಕೇಳಿ ಅಪ್ಪನೂ ಸಾಹುಕಾರರೂ ಹೊರಗೆ ಓಡಿಬಂದರು. "ಏ, ನಿಂದರ್ರಿ! ಯಾರ ಹೇಳಿದ್ರು ಮುಗದದ ಅಂತ?" ಸಾಹುಕಾರರು ಕೂಗಿದರು. ಅಪ್ಪನ ಮುಖವೂ ಕಪ್ಪಿಟ್ಟಿತ್ತು. ಬಸಮ್ಮನ ಕೈಯಲ್ಲಿದ್ದ ಖಾಲಿ ಕಪ್ಪನ್ನು ನೋಡಿದ, ಬಾಗಿಲಲ್ಲಿ ನಿಂತ ಮುದುಕಿಯನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಸಾಹುಕಾರ್ರ, ಚಹಾ ನಿಮ್ಮ ಮನಿದು. ಕುಡದಾಕಿ ಬಸಮ್ಮ. ಇನ್ನ ಮಾತ ಮುಗದಿಲ್ಲ ಅಂದ್ರ ನಿಮ್ಮ ತಾಯಿಯವರ ಕೈಯಾನ ಚಹಾಕ್ಕ ಕಿಮ್ಮತ್ತಿಲ್ಲ ಅಂದಂಗ ಆಗ್ತದ್ರಿ."

ಸಾಹುಕಾರರು ಬಾಯಿ ತೆರೆಯುವ ಮೊದಲೇ ಮುದುಕಿ, "ಹಬ್ಬದ ದಿನ ಕೊಟ್ಟಿದ್ದನ್ನ ವಾಪಸ್ ಕೇಳ್ತಿ ಏನಪಾ?" ಅಂದರು.

ಸಾಹುಕಾರರು ಹಣೆ ಉಜ್ಜಿಕೊಂಡರು. "ಆಯ್ತ್ ಹೋಗ್ರಿ. ಚಾಲೂ ಮಾಡ್ರಿ. ಸೆರಗ ಸಿಗದಂಗ ಆ ಬೆಲ್ಟಿಗೂ ಒಂದು ಜಾಳಗಿ ಕೂಡಸ್ತೇನಿ. ಶರಣಪ್ಪ, ನೀ ಮಾತ್ರ ಭಾರಿ ಮನಷ್ಯಾ ಇದ್ದಿ ನೋಡು."

ಎಲ್ಲರೂ ನಕ್ಕರು. ಅವ್ವ ಬುಟ್ಟಿ ಬಿಚ್ಚಿದಳು. ಎಲ್ಲರದೂ ಆದ ಮೇಲೆ ಅಪ್ಪನ ಪಾಲಿನ ಚಹಾ ಬಂತು. ನಾನು ಅವನ ಕಡೆಗೇ ನೋಡುತ್ತ ನಿಂತಿದ್ದೆ. ಅಪ್ಪ ಅರ್ಧ ಚಹಾ ಕಪ್ಪಿನ ಕೆಳಗಿನ ಬಸಿಗೆ ಸುರುವಿ, ಊದಿ ಆರಿಸಿ, ಲಕ್ಷ್ಮಿಯ ಬಾಯಿಗೆ ಹಿಡಿದ.

ಹೋಗಿ ತೊಗರಿ ಚೀಲಗಳ ಹಿಂದೆ ಕೂತೆ. ಅವ್ವ ಕಡಬು ತಂದಳು, ಮುಟ್ಟಲಿಲ್ಲ. ಕೊನೆಗೆ ಉಳಿದ ಅರ್ಧ ಕಪ್ಪು ಹಿಡಿದುಕೊಂಡು ಅಪ್ಪನೇ ಬಂದ.

"ಕುಡಿಯವ್ವ."

"ಮಾತ ಮುಗಿಯೋತನ ನಾ ಕುಡಿಯಂಗಿಲ್ಲ" ಅಂದೆ.

ಅಪ್ಪ ನಗಲಿಲ್ಲ. ನನ್ನ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಆಫೀಸಿನ ದನಿಯಲ್ಲಿ, "ಆಯ್ತ್ರಿ. ನಿಮ್ಮ ಬೇಡಿಕಿ ಏನದ ಹೇಳ್ರಿ" ಅಂದ.

"ಹಿರೋಳ್ಳಿಗೆ ಹೋಗಬೇಕು. ಮತ್ತ ಪೈಪಿನ ಮ್ಯಾಲ ನಾ ಒಬ್ಬಾಕಿನೇ ಕೂಡಬೇಕು."

"ಹಿರೋಳ್ಳಿದು ಒಪ್ಪಿಗಿ. ನಾಳಿಗೆ ಹೋಗೂಣು. ಪೈಪಿಂದು ಒಪ್ಪಾಕ ಬರಂಗಿಲ್ಲ. ಅರ್ಧ ನಿಂದು, ಅರ್ಧ ಆಕಿದು."

"ಯಾಕ?"

"ಆಕಿಗಿ ಅಪ್ಪ ಇಲ್ಲವ್ವ."

"ನನಗರೆ ಎಲ್ಲಿ ಅದಾನ?"

ಅಪ್ಪ ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆಗಲೇ ಜೇವರ್ಗಿಯಿಂದ ಒಬ್ಬ ಮನುಷ್ಯ ಅವನನ್ನು ಹುಡುಕಿಕೊಂಡು ಬಂದ. ಅಲ್ಲಿ ಹಮಾಲರ ಜಗಳ ಕೈ ಮೀರಿತ್ತಂತೆ. ಅಪ್ಪ ಎದ್ದು ಧೂಳು ಕೊಡವಿಕೊಂಡು, "ಬಂದ ಮ್ಯಾಲ ಮುಗಸೂಣು" ಅಂತ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಎಳ್ಳಮಾಸಿ ಹಳೆಯದಾಗಿತ್ತು. ಹಿರೋಳ್ಳಿಗೂ ಹೋಗಲಿಲ್ಲ, ಮಾತೂ ಮುಗಿಯಲಿಲ್ಲ.

ಈಗ ಆ ಮಿಲ್ಲಿನಲ್ಲಿ ಬೇಳೆ ಹಸನು ಮಾಡಲು ಮಷೀನಿದೆ. ಇರುವ ಕೆಲವರನ್ನು ಗುತ್ತಿಗೆದಾರನ ಟಂಟಂ ಆಟೋ ತಂದು ಇಳಿಸುತ್ತದೆ. ಒಬ್ಬರನ್ನು ಬಿಡಿಸಿದರೆ ಪಕ್ಕದವರಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. ಗೇಟಿನ ಮುಂದೆ ಕೂಡುವವರಿಲ್ಲ, ಚಹಾ ಹೊರಗೆ ಬರುವುದಿಲ್ಲ. ಅಪ್ಪನ ಪದ್ಧತಿ ಉಳಿಸಿಕೊಂಡವಳು ಒಬ್ಬಳೇ, ಲಕ್ಷ್ಮಿ. ಜೇವರ್ಗಿ ಕಡೆ ಬಿಸಿಯೂಟದ ಹೆಂಗಸರಿಗೆ ಅವಳೇ ಲೀಡರ್. ಅಧಿಕಾರಿಗಳ ಕೋಣೆಯಲ್ಲಿ ಚಹಾ ಮುಟ್ಟುವುದಿಲ್ಲವಂತೆ. ನಾನು ಬ್ಯಾಂಕಿನಲ್ಲಿ ಕ್ಲಾರ್ಕ್. ಅವಳ ಫೋಟೋ ಪೇಪರಿನಲ್ಲಿ ಕಂಡರೆ ಇವತ್ತಿಗೂ ಪುಟ ಮಗುಚುತ್ತೇನೆ.

ಕೊನೆಕೊನೆಗೆ ಅಪ್ಪ ಇಡಿಯಾಗಿ ನನಗೇ ಸಿಕ್ಕ. ನಮ್ಮ ಮನೆಯಲ್ಲೇ ಇದ್ದ. ಬಾಗಿಲ ಮುಂದೆ ನಮ್ಮವೇ ಚಪ್ಪಲಿ. ಪಾಲು ಕೇಳುವವರು ಯಾರೂ ಇಲ್ಲ. ಇಷ್ಟು ವರ್ಷ ಬೇಡಿದ್ದು ಕೈಗೆ ಬಂದಾಗ ಅದು ಇಷ್ಟು ಸಣ್ಣದಿತ್ತೇ ಅನಿಸಿತು. ನಾನು ಬೇಡಿದ್ದು ಆ ಲೀಡರ್ ಶರಣಪ್ಪನನ್ನು. ಒಂದು ಸಂಜೆ ಪಡಸಾಲೆಯಲ್ಲಿ ಚಹಾ ಕೊಟ್ಟರೆ ಕುಡಿಯದೆ ನನ್ನ ಕಡೆ ಚಾಚಿದ.

"ಮೊದಲ ನೀ ಕುಡಿಯವ್ವ. ಅವತ್ತಿನ ಮಾತು ಹಂಗೇ ಉಳದದ."

ಅವನಿಗೆ ನೆನಪಿತ್ತು! "ಪೈಪಿಂದು ಒಪ್ಪಿದಿ ಏನಪ್ಪ ಹಂಗಾರ?"

"ಅದ ಆಗಂಗಿಲ್ಲ. ಅರ್ಧ ಅರ್ಧ."

"ಹಂಗಾರ ನಾ ಕುಡಿಯಂಗಿಲ್ಲ."

ಅಪ್ಪ ಕೆಮ್ಮು ಬರುವ ತನಕ ನಕ್ಕ. ಮುಂದಿನ ಮಳೆಗಾಲಕ್ಕೆ ಅವನಿರಲಿಲ್ಲ.

ಅಪ್ಪನ ಮಣ್ಣಿಗೆ ಲಕ್ಷ್ಮಿ ಬಂದಿದ್ದಳು. ಎಲ್ಲ ಮುಗಿದು ಮಂದಿ ಚದುರಿದ ಮೇಲೆ ಅಡಿಗೆಮನೆಗೆ ಹೋಗಿ ತಾನೇ ಚಹಾ ಮಾಡಿ, ಮೊದಲನೇ ಕಪ್ಪು ನನ್ನ ಮುಂದೆ ತಂದಿಟ್ಟಳು. ನಾನು ಅರ್ಧ ಬಸಿಗೆ ಸುರುವಿ ಅವಳ ಕಡೆ ಸರಿಸಿದೆ. ಅವಳು ಯಾಕೆ ಅಂತ ಕೇಳಲಿಲ್ಲ. ಬಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಾನು ಕಪ್ಪಿಗೆ ಕೈ ಹಾಕುವ ಮೊದಲೇ ಕುಡಿದುಬಿಟ್ಟಳು.