ಮಗಳು ಯಾವ ಊರಾಗ ಅದಾಳ?

ಕೊರೊನಾ ಕಳೆದ ಮೇಲಿನ ವರ್ಷಗಳಲ್ಲಿ ನಾನು ಕೊಪ್ಪಳ ಜಿಲ್ಲೆಯಲ್ಲಿ ಮಹಿಳೆಯರ ಮತ್ತು ಮಕ್ಕಳ ರಕ್ಷಣೆಯ ಕೆಲಸ ನೋಡುವ ಕಾನೂನು ಅಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಆಗ ನನಗಿದ್ದ ಹಟ ಒಂದೇ: ಮಾನವ ಕಳ್ಳಸಾಗಣೆಯ ವಿರುದ್ಧ ನಮ್ಮ ರಾಜ್ಯಕ್ಕೆ ತನ್ನದೇ ಒಂದು ಕಾಯ್ದೆ ಬೇಕು. ಯಾರಿಗೆ ಹೇಳಿದರೂ, ‘ಕೇಂದ್ರದ ಕಾನೂನು ಐತಲ್ಲರಿ ಮೇಡಂ’ ಎನ್ನುತ್ತಿದ್ದರು. ಇದೆ, ಯಾರು ಇಲ್ಲ ಅಂದರು? ಆ ಕಾನೂನಿನ ಪ್ರಕಾರ, ಮೋಸದಿಂದಲೋ ಬಲವಂತದಿಂದಲೋ ಆಮಿಷ ಒಡ್ಡಿಯೋ ಹುಡುಗಿಯನ್ನು ಕರೆದೊಯ್ದು ಶೋಷಿಸಿದರೆಂದು ನಾವು ತೋರಿಸಬೇಕು. ಹುಡುಗಿಯೇ ಕೈಗೆ ಸಿಗದಿದ್ದರೆ ತೋರಿಸುವುದು ಹೇಗೆ?

ಯಲಬುರ್ಗಾ ತಾಲ್ಲೂಕಿನ ಶಾಂತವ್ವ ನನ್ನ ಬಳಿ ಬಂದದ್ದು ಆ ದಿನಗಳಲ್ಲಿ. ಕೂಲಿ ಮಾಡಿ ಬದುಕುವವಳು. ಮಗಳು ಗೀತಾಳನ್ನು, ಹದಿನೆಂಟು ತುಂಬಿದ ಮೇಲೆಯೇ, ಬೇರೆ ರಾಜ್ಯದ ವರನಿಗೆ ಕೊಟ್ಟಿದ್ದಳು. ವರದಕ್ಷಿಣೆ ಕೇಳಿರಲಿಲ್ಲ, ಮದುವೆಯ ಖರ್ಚೂ ಅವರದೇ. ಸಂಬಂಧ ತಂದವನು ಗಂಗಾವತಿ ಕಡೆಯ ವಿರುಪಣ್ಣ, ಇಂಥ ಮದುವೆಗಳನ್ನು ಕುದುರಿಸುವ ದಲ್ಲಾಳಿ. ಗೀತಾ ಹೋದ ಕೆಲವೇ ವಾರಗಳಲ್ಲಿ ಅವಳ ಫೋನ್ ಬಂದ್ ಆಯಿತು. ಯಾವ ಊರಿಗೆ ಕೊಟ್ಟೆ ಎಂದು ಕೇಳಿದರೆ ವಿರುಪಣ್ಣ ಜಾರಿಕೊಳ್ಳುತ್ತಿದ್ದ. ಠಾಣೆಗೆ ಹೋದರೆ, ‘ಊರ ಹಿರ್ಯಾರ ಮುಂದ ಮದುವಿ ಆಗಿ ಅಕ್ಕಿಕಾಳು ಬಿದ್ದಾವು. ಗಂಡನ ಮನಿಗೆ ಹೋದಾಕಿನ ಹುಡುಕಂದ್ರ ಹೆಂಗವ್ವಾ’ ಎಂದು ಸಾಗಹಾಕಿದ್ದರು. ನಾನು ಫೋನ್ ಮಾಡಿದೆ, ಖುದ್ದಾಗಿ ಹೋದೆ. ಅದೇ ಮಾತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಅಷ್ಟರಲ್ಲಿ ಸರ್ಕಾರ ಅಂಥ ಕಾಯ್ದೆಗೊಂದು ಕರಡು ಮಾಡಿತ್ತು. ಅದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಒಂದು ಸಮಿತಿ ಕೊಪ್ಪಳಕ್ಕೆ ಬಂತು. ನನ್ನ ಬೇಡಿಕೆ ಸರಳವಾಗಿತ್ತು. ಹುಡುಗಿಯನ್ನು ಹೊರರಾಜ್ಯಕ್ಕೆ ಕೊಡಿಸಿದ ದಲ್ಲಾಳಿ, ಆಕೆ ಎಲ್ಲಿದ್ದಾಳೆಂದು ಕೇಳಿದಾಗ ಹೇಳಲೇಬೇಕು. ಹೇಳದಿದ್ದರೆ ಅದೇ ಅಪರಾಧವಾಗಬೇಕು. ಇದನ್ನು ಶಾಂತವ್ವನ ಬಾಯಿಂದಲೇ ಕೇಳಲಿ ಎಂದು ಆಕೆಯನ್ನು ಸಭೆಗೆ ಕರೆದುಕೊಂಡು ಹೋದೆ.

ನಮ್ಮ ಕಡೆ ಸನ್ಮಾನವಿಲ್ಲದೆ ಸಭೆ ಶುರುವಾಗುವುದಿಲ್ಲ. ವಿಷಯ ಏನೇ ಇರಲಿ, ಮೊದಲು ಶಾಲು, ಹಾರ, ಪೇಟ ಆಗಲೇಬೇಕು. ಅಂದೂ ಸ್ಥಳೀಯ ಸಂಘಟಕರು ‘ಸಮಾಜ ಸೇವಕ’ರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುತ್ತಿದ್ದರು. ‘ವರದಕ್ಷಿಣೆ ಇಲ್ಲದೆ ಬಡ ಹೆಣ್ಣುಮಕ್ಕಳ ಬಾಳು ಬೆಳಗಿದ ವಿರುಪಣ್ಣನವರು’ ಎಂದಾಗ ನನ್ನ ಮೈ ಉರಿದುಹೋಯಿತು. ಕಳ್ಳಸಾಗಣೆ ತಡೆಯುವ ಸಭೆಯಲ್ಲಿ ದಲ್ಲಾಳಿಗೆ ಪೇಟ. ಸಂಘಟಕನ ಬಳಿ ಹೋಗಿ ಹೇಳಿದೆ. ‘ಹೆಸರು ಕೂಗಿ ಆಗೇತ್ರಿ ಮೇಡಂ, ಈಗ ಇಳಸಿದ್ರ ಛಲೋ ಕಾಣಂಗಿಲ್ಲ’ ಎಂದ. ಇಂಥವರ ಮುಂದೆ ಹಣೆ ಹಣೆ ಚಚ್ಚಿಕೊಳ್ಳಬೇಕಷ್ಟೆ. ಅಷ್ಟು ಸಾಲದೆಂದು ವಿರುಪಣ್ಣ, ಮುಂದಿನ ಸಾಲಿನಲ್ಲಿ ಕೂತಿದ್ದ ಶಾಂತವ್ವನನ್ನು ಗುರುತಿಸಿ, ‘ಬಾ ಯಕ್ಕಾ, ನೀನ ಹಾಕು ಹಾರಾನ’ ಎಂದು ಕರೆದ.

ಆಕೆ ಎದ್ದು ಹೋದಳು. ಹಾರ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: ‘ಹಾಕ್ತೀನಿ. ನನ್ನ ಮಗಳು ಯಾವ ಊರಾಗ ಅದಾಳ, ಹೇಳು.’

‘ಛಲೋ ಮನ್ಯಾಗ ಅದಾಳಬೇ.’

‘ಮನಿ ಕೇಳಿಲ್ಲ. ಊರು ಹೇಳು.’

ಮೈಕ್ ಚಾಲೂ ಇತ್ತು. ‘ಆ ಕಡಿ ಊರಿನ ಹೆಸರು ನಮ್ಮ ಬಾಯಿಗೆ ಬರಂಗಿಲ್ಲ’ ಎಂದು ವಿರುಪಣ್ಣ ನಗಲು ನೋಡಿದ. ಯಾರೂ ನಗಲಿಲ್ಲ. ಸಮಿತಿಯ ಅಧ್ಯಕ್ಷರು ಸಭೆಯಲ್ಲಿದ್ದ ಪೊಲೀಸ್ ಅಧಿಕಾರಿಯ ಕಡೆ ತಿರುಗಿ ನೋಡಿದರು. ನಾನು ಎಷ್ಟು ಸಲ ಹೋದರೂ ಅಲುಗಾಡದ ಮನುಷ್ಯ ಈಗ ದಡಬಡಿಸಿ ಎದ್ದು, ವರನಿಗೆ ಫೋನ್ ಹಚ್ಚು ಎಂದು ವಿರುಪಣ್ಣನನ್ನು ಗದರಿದ. ಸ್ಪೀಕರ್‌ನಲ್ಲಿ ಒಬ್ಬ ಗಂಡಸು ಹಿಂದಿಯಲ್ಲಿ ಗೊಣಗಿದ. ಹುಡುಗಿಗೆ ಫೋನ್ ಕೊಡು ಎಂದು ಅಧಿಕಾರಿ ಜೋರು ಮಾಡಿದ ಮೇಲೆ ಗೀತಾಳ ದನಿ ಬಂತು.

‘ಎಲ್ಲಿ ಅದಿ ಮಗಳ? ಯಾವ ಊರು?’ ಎಂದಳು ಶಾಂತವ್ವ.

‘ನನಗೂ ಗೊತ್ತಿಲ್ಲ ಯವ್ವಾ. ಹೊರಗ ಬಿಡಂಗಿಲ್ಲ.’

ಕೇಸ್ ಅಂದೇ ದಾಖಲಾಯಿತು. ಫೋನಿನ ಜಾಡು ಹಿಡಿದು ಪೊಲೀಸರು ಗೀತಾಳನ್ನು ಕರೆತಂದರು. ವಿರುಪಣ್ಣನನ್ನು ಬಂಧಿಸಿದರು, ಅವನು ಜಾಮೀನಿನ ಮೇಲೆ ಹೊರಬಂದ. ಬಡಕಲಾಗಿ ಬಂದ ಗೀತಾಳನ್ನು ನೋಡಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಾಯಿಯೊಬ್ಬಳ ಒಂದು ಪ್ರಶ್ನೆಗೆ ಪೊಲೀಸರು ಕಿವಿಗೊಡಲು ವೇದಿಕೆ, ಮೈಕು, ಬೆಂಗಳೂರಿನ ಸಾಹೇಬರು, ಇಷ್ಟೆಲ್ಲ ಬೇಕಾಯಿತು. ಸಾಕ್ಷಿ ತಾ ಎಂದು ತಾಯಿಯನ್ನು ಪೀಡಿಸುವ ಬದಲು, ಕರೆದೊಯ್ದವನನ್ನು ಹಿಡಿದು ಕೇಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಆ ಕರಡು ಇನ್ನೂ ಪರಿಶೀಲನೆಯಲ್ಲಿದೆಯಂತೆ. ವಿಚಾರಿಸಿದಾಗಲೆಲ್ಲ ಇದೇ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಗೀತಾ ಇದ್ದ ಮನೆಯ ಪಕ್ಕದಲ್ಲೇ ಕುಷ್ಟಗಿ ತಾಲ್ಲೂಕಿನ ಇನ್ನೊಬ್ಬ ಹುಡುಗಿ ಇದ್ದಳು. ಇಬ್ಬರೂ ಕಿಟಕಿಯಿಂದ ಮಾತಾಡುತ್ತಿದ್ದರು. ದೂರು ಇಲ್ಲವೆಂದು ಪೊಲೀಸರು ಆಕೆಯನ್ನು ಅಲ್ಲೇ ಬಿಟ್ಟು ಬಂದರು. ‘ನಮ್ಮವ್ವಗ ಹೇಳು’ ಎಂದು ಆಕೆ ಗೀತಾಳಿಗೆ ಹೇಳಿ ಕಳಿಸಿದ್ದಳು. ದೂರು ಕೊಡಿಸೋಣವೆಂದು ನಾನು ಆ ತಾಯಿಯ ಮನೆಗೆ ಹೋದೆ. ಆಕೆ ಚಹಾ ಕೊಟ್ಟು, ‘ಮಗಳು ಭಾಳ ಸುಖದಾಗ ಅದಾಳ್ರಿ’ ಎಂದಳು.

ಯಾರು ಹೇಳಿದರು ಎಂದು ಕೇಳಿದೆ.

‘ನಿನ್ನೆ ವಿರುಪಣ್ಣಾರ ಬಂದು ಹೇಳ್ಯಾರ್ರಿ. ಸಣ್ಣಾಕಿಗೂ ಒಂದು ಸಂಬಂಧ ತಂದಾರ.’