ಕುಂತು ನೋಡಿ ಹಾಕ್ರಿ

ನಾನು ಭೂಮಾಪಕ. ಬೀದರ್ ಜಿಲ್ಲೆಯ ಹೊಲದ ಬದುಗಳ ಮೇಲೆ ಇಪ್ಪತ್ತು ವರ್ಷ ಸರಪಳಿ ಎಳೆದಿದ್ದೇನೆ. ಅಣ್ಣತಮ್ಮಂದಿರು ಒಂದು ಗೇಣು ನೆಲಕ್ಕೆ ಬಡಿದಾಡುವಾಗ ನಡುವೆ ನಿಂತು, "ಅಳತಿ ಸುಳ್ಳು ಹೇಳಂಗಿಲ್ಲರಿ" ಎಂದು ಗತ್ತಿನಿಂದ ಹೇಳಿದವನು. ಅಂಥವನು ಆಯುಷ್ಯದಲ್ಲಿ ಒಂದೇ ಒಂದು ಗಾಡಿ ಕಟ್ಟಿಸಿದೆ, ಅದಕ್ಕೆ ನನ್ನ ಸ್ವಂತ ಕಾಲಿನ ಅಳತೆ ಕೊಡುವುದನ್ನೇ ಮರೆತೆ. ಬೀದರಿನ ಚಿದ್ರಿಯ ನಮ್ಮ ಮನೆಯಂಗಳದ ಫರಸಿ ಕಲ್ಲಿನ ಮೇಲೆ ವೆಲ್ಡಿಂಗ್ ಕಿಡಿ ಬಿದ್ದ ಕಪ್ಪು ಚುಕ್ಕೆಗಳು ಈಗಲೂ ಇವೆ. ಹೆಂಡತಿ ಎಷ್ಟು ತಿಕ್ಕಿದರೂ ಹೋಗಿಲ್ಲ. ಹೋಗುವುದು ನನಗೂ ಬೇಕಿಲ್ಲ.

ಗಾಡಿಯ ಹುಚ್ಚು ಹಿಡಿದದ್ದು ಔರಾದದಲ್ಲಿ. ಅಳತೆಗೆ ಹೋದ ಒಂದು ದಿನ ಊರಾಚೆಯ ಗೈರಾಣದಲ್ಲಿ, ಅಂದರೆ ಊರ ದನ ಮೇಯುವ ಬಯಲಿನಲ್ಲಿ, ಜೀಪುಗಳ ಓಟ ನಡೆದಿತ್ತು. ರಸ್ತೆಯೇ ಇಲ್ಲದ ಓಟ. ಕಲ್ಲು, ಕೆಸರು, ಹಳ್ಳದ ದಂಡೆ, ಎಲ್ಲದರ ಮೇಲೆ ಹತ್ತಿ ಇಳಿಯಬೇಕು. ಲಾತೂರಿನ ಕಡೆಯಿಂದ, ತೆಲಂಗಾಣದಿಂದ ಗಾಡಿಗಳು ಬಂದಿದ್ದವು. ನಮ್ಮ ಬೀದರಿನದು ಒಂದೂ ಇರಲಿಲ್ಲ. ಆಗ ನನಗೆ ನಲವತ್ತನಾಲ್ಕು, ಹೊಟ್ಟೆ ಬಂದ ಸರಕಾರಿ ನೌಕರ. ಆದರೂ ಅಲ್ಲೇ ನಿಂತ ನಿಲುವಿನಲ್ಲಿ, ಮುಂದಿನ ವರ್ಷ ಇಲ್ಲಿ ನಾನು ಗಾಡಿ ಓಡಿಸಬೇಕು ಎಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿಬಿಟ್ಟೆ.

ಮನ್ನಳ್ಳಿಯಲ್ಲಿ ಬೇವಿನ ಗಿಡದ ಕೆಳಗೆ ಒಂದು ಹಳೆಯ ಡೀಸೆಲ್ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಅದನ್ನು ನಾನು ಕೊಂಡೆ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದವನು ಭಾಲ್ಕಿಯ ಗೆಳೆಯ. ಅವನು ನನ್ನ ಜೊತೆ ಓದಿದವನು, ಭಾಲ್ಕಿಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಇಂಜಿನ್ನು ಅವನ ಪಾಲು. ಜೀಪಿನ ಮುಚ್ಚಳ ಎತ್ತಿ ನೋಡಿ, "ಜೀವ ಅದಲೇ ಇದರಾಗ. ನಿನ್ನಕಿಂತ ಜಾಸ್ತಿ ಅದ" ಎಂದ. ನಮ್ಮ ಓಣಿಯವರೆಲ್ಲ ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವನ ಮುಂದೆ ಅದು ನಡೆಯುವುದಿಲ್ಲ.

ಇನ್ನೊಬ್ಬರು ಉಸ್ತಾದರು. ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರ ವೆಲ್ಡಿಂಗ್ ಅಂಗಡಿ. ಗಂಜಿನ ಕೈಗಾಡಿಗಳ ಮುರಿದ ಅಚ್ಚು, ತೊಗರಿ ತೂಗುವ ಕಾಟಾದ ಚೌಕಟ್ಟು, ಊರ ಮಂದಿಯ ಗೇಟು, ಗ್ರಿಲ್ಲು, ಎಲ್ಲವೂ ಅವರ ಕೈಯಲ್ಲೇ ಹಾಯಬೇಕು. ನಮ್ಮ ಮನೆಯ ಗೇಟು ಮಾಡಿದವರೂ ಅವರೇ. ಅಂದಿನಿಂದ ಪರಿಚಯ ಸ್ನೇಹವಾಗಿತ್ತು, ಆದರೂ ನನ್ನನ್ನು "ಸರ್" ಎನ್ನುವುದನ್ನು ಅವರು ಬಿಡಲಿಲ್ಲ. ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಆಳು ಬಹಳ ಗಿಡ್ಡ. ನನ್ನ ಹೆಗಲಿಗೂ ಬರುತ್ತಿರಲಿಲ್ಲ. ವಯಸ್ಸಿನಲ್ಲಿದ್ದಾಗ ಗೇಟುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹಳ್ಳಿಹಳ್ಳಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರಂತೆ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಒಂದು ಸಲವೂ ಸಿಕ್ಕಿಬಿದ್ದಿಲ್ಲ ಎಂದು ಅವರ ಹೆಮ್ಮೆ. ಆ ಮಾತನ್ನು ನಾನು ಹತ್ತಾರು ಸಲ ಕೇಳಿದ್ದೆ, ಕಿವಿಗೆ ಮಾತ್ರ ಹಾಕಿಕೊಂಡಿರಲಿಲ್ಲ.

ಆ ಚಳಿಗಾಲದಿಂದ ಬೇಸಿಗೆಯವರೆಗಿನ ಭಾನುವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಭಾಲ್ಕಿಯವನು ಬಸ್ಸಿನಲ್ಲಿ ಬಂದಿಳಿಯುವನು, ಚೀಲದಲ್ಲಿ ನಟ್ಟು ಬಿಗಿಯುವ ಪಾನಾಗಳು, ಮೇಲೆ ಅವನ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ. ಉಸ್ತಾದರು ಸೈಕಲ್ಲಿಗೆ ರಾಡಿನ ಕಟ್ಟು ಕಟ್ಟಿಕೊಂಡು ಬರುವರು. ಇಂಜಿನ್ನು ಬಿಚ್ಚಿ ನಮ್ಮ ನೀರಿನ ಡ್ರಮ್ಮಿನ ಪಕ್ಕ ಹರಡಿದರೆ ಅಂಗಳ ದಾಟಲು ಜಾಗವಿರುತ್ತಿರಲಿಲ್ಲ. ಹೆಂಡತಿ ಚಹಾ ತಂದು, ಇಡಲು ಎಡೆಯಿಲ್ಲದೆ, ತಟ್ಟೆ ಹಿಡಿದುಕೊಂಡೇ ನಿಂತು ಬೈಯುವಳು. ಭಾಲ್ಕಿಯವನು ಮರಾಠಿ ಹಾಡು ಗುನುಗುತ್ತ ನಟ್ಟು ಬಿಗಿಯುವನು, ಒಂದು ನಟ್ಟು ಕಳೆದರೆ ಮೂವರೂ ಮೊಣಕಾಲೂರಿ ಹುಡುಕುವೆವು. ಅದು ಅವನದೇ ಜೇಬಿನಲ್ಲಿ ಸಿಗುವುದು. ಎಷ್ಟು ನಗುತ್ತಿದ್ದೆವು! ಆಫೀಸಿನ ಫೈಲು, ತಹಶೀಲ್ದಾರರ ಮುಖ, ಯಾವುದೂ ನೆನಪಾಗುತ್ತಿರಲಿಲ್ಲ.

ಗಾಡಿ ಮಗುಚಿದರೆ ಒಳಗಿದ್ದವನ ತಲೆ ಉಳಿಯಲಿ ಎಂದು ಸೀಟಿನ ಸುತ್ತ ದಪ್ಪ ಪೈಪಿನ ಚೌಕಟ್ಟು ಕಟ್ಟಬೇಕು. ಓಟದವರ ಕಟ್ಟುನಿಟ್ಟಿನ ನಿಯಮ ಅದು. ಉಸ್ತಾದರು ಅದಕ್ಕೆ ಪಿಂಜ್ರಾ ಎಂದು ಹೆಸರಿಟ್ಟರು. "ಪಂಜರ ಆಯ್ತು, ಗಿಳಿ ಯಾರ್ರಿ?" ಎಂದು ನನ್ನ ಹೆಂಡತಿ ಚುಡಾಯಿಸಿದಳು. ನಾವು ಮೂವರೂ ನಕ್ಕೆವು, ಉತ್ತರವನ್ನು ಯಾರೂ ಹೇಳಲಿಲ್ಲ. ನನಗೆ ಅದು ಕೇಳುವ ಪ್ರಶ್ನೆಯೇ ಆಗಿರಲಿಲ್ಲ. ಜೀಪು ನನ್ನದು, ಅಂಗಳ ನನ್ನದು, ಓಟದವರ ಅರ್ಜಿಯಲ್ಲಿ ಓಡಿಸುವವನ ಜಾಗದಲ್ಲಿ ನನ್ನದೇ ಹೆಸರು ತುಂಬಿ ಕಳಿಸಿಯೂ ಆಗಿತ್ತು.

ಓಟಕ್ಕೆ ಮೂರು ವಾರವಿದ್ದಾಗ ಸೀಟು ಮತ್ತು ಪಿಂಜ್ರಾ ಎರಡನ್ನೂ ಬೆಸೆಯುವ ಕೆಲಸ ಉಳಿದಿತ್ತು. ಆ ವಾರ ನನಗೆ ಔರಾದ ಕಡೆಯ ಹಳ್ಳಿಯೊಂದರಲ್ಲಿ ಅಳತೆಯ ಕೆಲಸ. ಉಸ್ತಾದರು ನಮ್ಮ ಅಂಗಳದಿಂದ ಫೋನು ಮಾಡಿದರು. "ಸರ್, ಸೀಟು ಎಲ್ಲಿಗಿ ಕುಂಡ್ರಸ್ಲಿ? ಪಿಂಜ್ರಾ ಎಷ್ಟು ಎತ್ತರ ಮಾಡ್ಲಿ?" ಇತ್ತ ನನ್ನ ಎದುರಿಗೆ ಇಬ್ಬರು ಬದುವಿನ ಮೇಲೆ ನಿಂತು ಒದರಾಡುತ್ತಿದ್ದರು, ಸಿಗ್ನಲ್ಲು ಬೇರೆ ಹೋಗಿ ಬರುತ್ತಿತ್ತು. ನಾನು ಗಡಿಬಿಡಿಯಲ್ಲಿ, "ಕುಂತು ನೋಡಿ ಹಾಕ್ರಿ ಉಸ್ತಾದ್, ಕುಂತು ನೋಡಿ ಹಾಕ್ರಿ" ಎಂದೆ. ಅವರು ಆ ಮಾತನ್ನು ತಾವೂ ಒಮ್ಮೆ ಅಂದುಕೊಂಡರು. ಆಮೇಲೆ, "ಖರೇನಾ ಸರ್?" ಎಂದರು. "ಖರೇ ಅಲ್ಲದ ಸುಳ್ಳಾ? ಲಗೂನ ಮುಗಸ್ರಿ" ಎಂದು ರೇಗಿ ಫೋನಿಟ್ಟೆ.

ಭಾನುವಾರ ಗಾಡಿ ಓಡಿಸಿ ನೋಡುವ ದಿನ. ಭಾಲ್ಕಿಯವನು ಬಂದ. ಉಸ್ತಾದರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದರು. ವರ್ಷವಿಡೀ ರಬ್ಬರ್ ಚಪ್ಪಲಿಯಲ್ಲೇ ಇರುವ ಮನುಷ್ಯ. ಅದನ್ನು ನಾನು ನೋಡಿದೆ, ಆದರೆ ಏನೂ ವಿಚಾರ ಮಾಡಲಿಲ್ಲ. ಹೆಲ್ಮೆಟ್ಟು ಹಾಕಿ ಜಿಗಿದು ಒಳಗೆ ಕುಳಿತೆ, ಅಂದರೆ ಕುಳಿತುಕೊಳ್ಳಲು ಹೋದೆ. ಮೊಣಕಾಲು ಎರಡೂ ಸ್ಟೇರಿಂಗಿಗೆ ತಾಗಿ ಸಿಕ್ಕಿಬಿದ್ದವು. ತಲೆ ಎತ್ತಿದರೆ ಹೆಲ್ಮೆಟ್ಟು ಪೈಪಿಗೆ ಟಣ್ ಎಂದಿತು. ಕತ್ತು ಬಗ್ಗಿಸಿ, ಬೆನ್ನು ಗೂನು ಮಾಡಿ ಕುಳಿತರೆ ಕ್ಲಚ್ ಒತ್ತಲು ಕಾಲು ಮಡಚಲಾಗದು. ಭಾಲ್ಕಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ಇದೇನ್ರಿ ಉಸ್ತಾದ್! ಯಾರ ಅಳತಿಗಿ ಮಾಡೀರಿ ಇದನ್ನ?"

ಉಸ್ತಾದರು ಗಾಡಿಯ ಪಕ್ಕ ನಿಂತಿದ್ದರು. "ನೀವೇ ಹೇಳಿದ್ರಲ್ಲರಿ, ಕುಂತು ನೋಡಿ ಹಾಕ್ರಿ ಅಂತ. ನಾ ಕುಂತು ನೋಡ್ದೆ. ನನ್ನ ಅಳತಿಗಿ ಹಾಕ್ದೆ."

"ನೀವ್ಯಾಕ ಕುಂತ್ರಿ? ನಡಸಾಂವ ನಾನು!"

ಅವರ ಮುಖ ಒಮ್ಮೆಲೇ ಕೆಂಪಗಾಯಿತು, ಬಿಸಿಲಿಗೆ ಅಲ್ಲ. ಭಾಲ್ಕಿಯವನ ನಗು ಅರ್ಧಕ್ಕೇ ನಿಂತಿತು. ನನಗೆ ಆ ಕ್ಷಣವೇ ಎಲ್ಲ ತಿಳಿಯಿತು, ಆದರೆ ತಿಳಿದದ್ದನ್ನು ಒಪ್ಪಿಕೊಳ್ಳಲು ಸಿಟ್ಟು ಬಿಡಲಿಲ್ಲ. "ಕೊಯ್ದು ತೆಗೀರಿ. ಸೀಟು ಹಿಂದ ಹೋಗಬೇಕು, ಪಿಂಜ್ರಾ ಮ್ಯಾಲ ಏರಬೇಕು" ಎಂದೆ. "ಆಯ್ತು ಸರ್" ಎಂದರು. ಇಸ್ತ್ರಿ ಅಂಗಿ ಬಿಚ್ಚಿ ನಮ್ಮ ಗೇಟಿಗೆ ತೂಗುಹಾಕಿ, ಬನಿಯನ್ನಿನಲ್ಲೇ ಕಟರ್ ಹಿಡಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ತಾವೇ ಬೆಸೆದ ಪೈಪಿನ ಕಾಲುಗಳನ್ನು ಕೊಯ್ದು, ಒಳಗೆ ಸಣ್ಣ ಪೈಪು ತೂರಿಸಿ, ಒಂದೂವರೆ ಗೇಣು ಎತ್ತರಿಸಿ, ಸೀಟನ್ನೂ ಹಿಂದಕ್ಕೆ ಸರಿಸಿ ಪಿಂಜ್ರಾದ ಪೈಪಿಗೇ ಬೆಸೆದರು. ಈ ಸಲ ನನ್ನನ್ನು ಮೂರು ಸಲ ಹತ್ತಿಸಿ ಇಳಿಸಿ, ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರು.

ಸಂಜೆ ಅವರು ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದಳು. ಅವಳು ಶಾಲೆಯಲ್ಲಿ ಕನ್ನಡ ಕಲಿಸುವವಳು. "ಕುಂತು ನೋಡಿ ಹಾಕ್ರಿ ಅಂದ್ರ, ಹಾಕಾವ್ರೇ ಕುಂದ್ರಬೇಕು ಅಂತ ಅರ್ಥ. ನಿಮ್ಮನ್ನ ಕುಂಡ್ರಸ್ಬೇಕಿದ್ರ, ಕುಂಡ್ರಿಸಿ ನೋಡಿ ಹಾಕ್ರಿ ಅನ್ಬೇಕಿತ್ತು. ತಪ್ಪು ಅವ್ರದಲ್ಲ, ನಿಮ್ದು" ಎಂದಳು. ನಾನು ಹೆಲ್ಮೆಟ್ಟು ಎತ್ತಿಕೊಂಡು ಒಳಗೆ ಹೊರಟೆ. ಅವಳು ಬಿಡಲಿಲ್ಲ. "ಅವ್ರ ಮನಿಯವ್ರು ಮೊನ್ನಿ ಸಂತ್ಯಾಗ ಸಿಕ್ಕಿದ್ರು. ಔರಾದದಾಗ ನಮ್ಮವ್ರೇ ಗಾಡಿ ನಡಸ್ತಾರ, ಸರ್ ಹಂಗ ಅಂದಾರ ಅಂತ ಎಷ್ಟು ಖುಷಿಲಿಂದ ಹೇಳಿದ್ರು ಗೊತ್ತಾ? ಇಡೀ ಗಲ್ಲಿಗೆ ಹೇಳ್ಯಾರಂತ."

ಎರಡು ವಾರ ಇತ್ತು ಓಟಕ್ಕೆ. ಅರ್ಜಿಯಲ್ಲಿ ಹೆಸರು ಬದಲಿಸಲು ಒಂದು ಫೋನು ಸಾಕಿತ್ತು. ಸೀಟು, ಪೈಪು ಎರಡನ್ನೂ ಮತ್ತೆ ಅವರ ಅಳತೆಗೆ ತರಲು ಒಂದು ಭಾನುವಾರ ಸಾಕಿತ್ತು. ಎರಡೂ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ, ಇವತ್ತು ಹೇಳಿಬಿಡೋಣ ಎಂದುಕೊಳ್ಳುವುದು, ಆಮೇಲೆ ಅಂಗಳದಲ್ಲಿ ನಿಂತ ಗಾಡಿಯನ್ನು ನೋಡುವುದು, ಬಾಯಿ ಮುಚ್ಚಿಕೊಳ್ಳುವುದು. ನನಗೆ ಓಡಿಸಬೇಕಿತ್ತು, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಓಟದ ದಿನ ಮೂವರೂ ಔರಾದಕ್ಕೆ ಹೋದೆವು. ಉಸ್ತಾದರು ದಾರಿಯುದ್ದಕ್ಕೂ ಎಂದಿನಂತೆ ಮಾತಾಡಿದರು, ಕಮಲನಗರದ ಕಡೆ ಗೇಟು ಒಯ್ದ ಹಳೆಯ ಕಥೆಯನ್ನೇ ಹೇಳಿದರು. ಮನಸ್ಸಿನಲ್ಲಿ ಏನಿತ್ತೋ, ತೋರಿಸಲಿಲ್ಲ. ಹಿಂದಿನ ದಿನ ಅಕಾಲದ ಮಳೆ ಬಿದ್ದು ಗೈರಾಣದ ಎರೆಮಣ್ಣು ಹಿಟ್ಟಿನಂತೆ ಕಲಸಿಹೋಗಿತ್ತು. ನನ್ನ ಸರದಿ ಬಂತು. ಮೊದಲ ಏರು ಹತ್ತಿದೆ, ಕಲ್ಲುಗಳ ಮೇಲೆ ಚೆನ್ನಾಗಿಯೇ ದಾಟಿದೆ, ಜನ ಸಿಳ್ಳೆ ಹೊಡೆದರು. ಹಳ್ಳದ ದಂಡೆ ಏರುತ್ತಿದ್ದಾಗ ಮೇಲೆ ಉಸ್ತಾದರು ನಿಂತು ಎರಡೂ ಕೈ ಬೀಸಿ, "ಕ್ಲಚ್ ನಕ್ಕೊ! ಕ್ಲಚ್ ಒತ್ತಬ್ಯಾಡ್ರಿ!" ಎಂದು ಕೂಗುತ್ತಿದ್ದದ್ದು ಕೇಳಿಸಿತು. ನಾನು ಒತ್ತಿದೆ. ಚಕ್ರದ ಎಳೆತ ತಪ್ಪಿ ಗಾಡಿ ಹಿಂದಕ್ಕೆ ಜಾರಿ, ಅಡ್ಡವಾಗಿ, ಮಗುಚಿ ಹಳ್ಳಕ್ಕೆ ಬಿತ್ತು.

ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. ಬಾಯಲ್ಲೆಲ್ಲ ಕೆಸರು. ಎಲ್ಲರಿಗಿಂತ ಮೊದಲು ಓಡಿಬಂದವರು ಉಸ್ತಾದರು. ಮೊದಲು ಪೈಪಿನ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಆಮೇಲೆ ನನ್ನನ್ನು. "ಜಾಯಿಂಟ್ ಒಂದೂ ಬಿಟ್ಟಿಲ್ಲರಿ" ಎಂದು ನಗುತ್ತ ಬೆಲ್ಟು ಬಿಚ್ಚಿದರು. ನನಗೆ ಒಂದು ಗೀರೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಡಿಯನ್ನು ಎತ್ತಿ ನಿಲ್ಲಿಸಿದೆವು. ಭಾಲ್ಕಿಯವನು ಇಂಜಿನ್ನು ತಡಕಾಡಿ ಚಾಲೂ ಮಾಡಿದ. ಓಟ ಮುಗಿದು ಬಯಲು ಖಾಲಿಯಾಗುತ್ತಿತ್ತು. ಆಗ ನಾನು ಬಾಯಿ ಬಿಟ್ಟೆ. "ಉಸ್ತಾದ್, ಒಂದು ಸುತ್ತು ನೀವು ಹೊಡೀರಿ. ಮುಂದಿನ ವರ್ಷ ನೀವೇ ನಡಸ್ರಿ. ನನ್ನದು ತಪ್ಪಾಗ್ಯಾದ" ಎಂದೆ.

ಅವರು ಬೇಡವೆನ್ನಲಿಲ್ಲ. ಕೈ ಒರೆಸಿಕೊಂಡು ಹತ್ತಿ ಕುಳಿತರು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟರು, ಎದುರಿಗೆ ಬಯಲನ್ನು ನೋಡಿದರು. ಎಡಗಾಲು ಚಾಚಿದರು. ಕ್ಲಚ್ಚಿಗೆ ಇನ್ನೂ ನಾಲ್ಕು ಬೆರಳು ದೂರ ಉಳಿಯಿತು. ಸೀಟಿನ ತುದಿಗೆ ಸರಿದು ಮತ್ತೆ ಚಾಚಿದರು, ಸರಿದರೆ ಬೆಲ್ಟು ಹಾಕಲಾಗುತ್ತಿರಲಿಲ್ಲ. ಭಾಲ್ಕಿಯವನು ಬೆನ್ನಿಗೆ ದಿಂಬು ಕೊಡೋಣವೆಂದ.

"ದಿಂಬು ಇಟ್ಕೊಂಡು ನಡಸಿದ್ರ ಮಂದಿ ನಗ್ತಾರ. ನಕ್ಕೊ, ಬ್ಯಾಡ್ರಿ" ಎಂದರು.

"ಮತ್ತ ಕೊಯ್ದು ಸೀಟು ಮುಂದ ತರೂಣು. ಮುಂದಿನ ಭಾನುವಾರನೇ" ಎಂದೆ ನಾನು.

ಉಸ್ತಾದರು ತಲೆಯ ಮೇಲಿನ ಪೈಪಿನ ಬೆಸುಗೆಯ ಮೇಲೆ ಬೆರಳಾಡಿಸಿದರು. "ಒಂದ್ಸಲ ಕೊಯ್ದಿದ್ದು ಇವತ್ತು ನಿಮ್ಮನ್ನ ಉಳಸ್ಯಾದ. ಎರಡನೇ ಸಲ ಕೊಯ್ದ್ರ ನಂಬಿಕಿ ಇರಂಗಿಲ್ಲರಿ" ಎಂದರು. ಅವರು ಹೇಳಿದ್ದು ಕಬ್ಬಿಣದ ಬಗ್ಗೆ. ನಾನೂ ಹಾಗೆಂದೇ ತಿಳಿದುಕೊಂಡೆ, ಬಹಳ ದಿನಗಳವರೆಗೆ.

ಇಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು. ಅವರು ಇಳಿಯಲಿಲ್ಲ. ಕಾಲು ಎಟುಕದಿದ್ದರೂ, ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸುತ್ತ ಕುಳಿತರು. ಭಾಲ್ಕಿಯವನು ಬೀಡಿ ಹಚ್ಚಿ ಆ ಕಡೆ ಮುಖ ಮಾಡಿ ನಿಂತ. ನಾನು ಗಾಡಿಯ ಪಕ್ಕದಲ್ಲೇ ನಿಂತಿದ್ದೆ, ನನ್ನ ಉದ್ದನೆಯ ಕಾಲುಗಳ ಮೇಲೆ.