ಹನ್ನೆರಡನೆಯ ಕಾರ್ಡು

ತರೀಕೆರೆಯ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ನಡೆಸುವ ಓಂಕಾರೇಶ್, ಇಪ್ಪತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಕಾರ್ಡು ಮಾರುತ್ತಿದ್ದರು. ಓದು ಬಾರದವರ ಕಾರ್ಡನ್ನು ತಾವೇ ನಾಣ್ಯದಿಂದ ಕೆರೆದು, ಅಂಕಿಗಳನ್ನು ಒತ್ತಿ ಕೊಡುತ್ತಿದ್ದರು. ಖಾಲಿ ಕಾರ್ಡನ್ನು ಜನ ಅಲ್ಲೇ ಬಿಸಾಡಿ ಬಸ್ಸು ಹತ್ತುತ್ತಿದ್ದರು.

ಒಂದು ವರ್ಷ ಕಂಪನಿಯೊಂದು ಹಳೆಯ ಮಾಸಪತ್ರಿಕೆಗಳ ಮುಖಪುಟದ ಚಿತ್ರಗಳಿದ್ದ ಹನ್ನೆರಡು ಕಾರ್ಡುಗಳನ್ನು ಹೊರತಂದಿತು. ರೇಡಿಯೊಗೆ ಕಿವಿಗೊಟ್ಟ ಅಜ್ಜ, ಸೈಕಲ್ ಕಲಿಯುತ್ತಿರುವ ಮೇಷ್ಟ್ರು, ಕೊಡೆ ಹಿಡಿದ ಮದುಮಗಳು. ಅವನ್ನು ಕಸಕ್ಕೆ ಹಾಕಲು ಓಂಕಾರೇಶರಿಗೆ ಮನಸ್ಸಾಗಲಿಲ್ಲ. ಒಂದೊಂದಾಗಿ ಹನ್ನೊಂದು ಕಾರ್ಡುಗಳು ಆಲ್ಬಮ್ ಸೇರಿದವು. ಹಣತೆ ಹಿಡಿದ ಹೆಣ್ಣಿನ ಚಿತ್ರವಿದ್ದ ಹನ್ನೆರಡನೆಯದು ಒಮ್ಮೆ ಮಾತ್ರ ಕೈಗೆ ಬಂದಿತ್ತು. ಅದನ್ನು ಕೊಂಡಿದ್ದ ಶಿವನಿಯ ತೀರ್ಥಮ್ಮ, ಕೆರೆಸಿದ ಮೇಲೆ ವಾಪಸು ಕೇಳಿ ಸೆರಗಿಗೆ ಕಟ್ಟಿಕೊಂಡು ಹೋಗಿದ್ದರು.

ಕಳೆದ ತಿಂಗಳು ಆಧಾರ್ ಜೆರಾಕ್ಸಿಗೆಂದು ಬಂದ ಅವರನ್ನು ಓಂಕಾರೇಶ್ ಗುರುತು ಹಿಡಿದರು. "ಆ ಕಾರ್ಡಾ? ಐತಲ್ಲಪ್ಪ, ಮನೆಗ್ ಬಾ" ಎಂದರು ತೀರ್ಥಮ್ಮ. ಭಾನುವಾರವೇ ಓಂಕಾರೇಶ್ ಅಜ್ಜಂಪುರದಲ್ಲಿ ಬಸ್ಸು ಬದಲಿಸಿ ಶಿವನಿ ಊರಿಗೆ ಹೋದರು. ಚೀಲದಲ್ಲಿ ಆಲ್ಬಮ್ ಇತ್ತು.

ಕಾರ್ಡು ದೇವರ ಗೂಡಿನಲ್ಲಿತ್ತು. ಹಣತೆಯವಳ ಹಣೆ ಕುಂಕುಮದಲ್ಲಿ ಮುಚ್ಚಿಹೋಗಿತ್ತು.

"ಇದನ್ ಹಾಕಿಸ್ಕೊಂಡು ಮೊದಲು ಫೋನ್ ಮಾಡಿದ್ದೇ ಅಳಿಯಂಗೆ. ತನುಜಂಗೆ ಹೆರಿಗೆ ಆಯ್ತು, ಇಬ್ರೂ ಚೆನ್ನಾಗವ್ರೆ ಅಂದ. ಮಗಳು ಮೂರು ದಿನ ನೋವು ತಿಂದಿದ್ಲು ಕಣಪ್ಪ. ಆವತ್ತಿಂದ ಈ ಅಮ್ಮಂಗೆ ಕೈ ಮುಗೀತೀನಿ." ತೀರ್ಥಮ್ಮ ಕಾರ್ಡನ್ನು ತೆಗೆದು ಅವರ ಅಂಗೈಗಿಟ್ಟರು. "ಹಿಂದ್ಗಡೆ ಏನೋ ಬರ್ದೈತೆ. ಯಾವ ಅಮ್ಮ ಅಂತ ಓದಿ ಹೇಳು."

ಮಾಸಿದ ಅಕ್ಷರಗಳಲ್ಲಿ 'ದೀಪಾವಳಿ ವಿಶೇಷಾಂಕದ ಮುಖಪುಟ' ಎಂದಿತ್ತು. ಇದ್ದದ್ದನ್ನು ಇದ್ದಂತೆ ಓದಿದ್ದರೆ ಸಾಕಿತ್ತು, ಕಾರ್ಡು ಬಹುಶಃ ಆಲ್ಬಮ್ ಸೇರುತ್ತಿತ್ತು. ಓಂಕಾರೇಶ್ ಕನ್ನಡಕ ಒರೆಸಿಕೊಂಡರು.

"ದೀಪಾವಳಿ ಅಮ್ಮ ಅಂತ ಬರ್ದವ್ರೆ ಕಣಮ್ಮ."

"ನೋಡಿದ್ಯಾ! ನಮ್ಮನೆಯವ್ರು ಯಾವಳೋ ಸಿನಿಮಾದವಳಿಗೆ ಪೂಜೆ ಮಾಡ್ತೀಯ ಅಂತ ಸಾಯೋಗಂಟ ನಗಾಡಿದ್ರು." ಕಾರ್ಡು ಗೂಡಿಗೆ ಮರಳಿತು. "ನೀನೇನೋ ಕೇಳೋಕ್ ಬಂದಿದ್ಯಲ್ಲ?"

"ಏನಿಲ್ಲಮ್ಮ. ಒಂದ್ಸಲ ನೋಡ್ಬೇಕಿತ್ತು."

ಮಂಡಕ್ಕಿ, ಕಾಫಿ ಮುಗಿಸಿ ಅವರು ಸಂಜೆಯ ಬಸ್ಸು ಹಿಡಿದರು. ಈಗ ಆಲ್ಬಮ್ಮಿನ ಕೊನೆಯ ಜೇಬಿನಲ್ಲಿ ಅವರ ದುಂಡು ಅಕ್ಷರದ ಚೀಟಿಯೊಂದಿದೆ: 'ಹನ್ನೆರಡನೆಯದು. ದೀಪಾವಳಿ ಅಮ್ಮ. ಶಿವನಿಯಲ್ಲಿ, ತೀರ್ಥಮ್ಮನವರ ಮನೆಯಲ್ಲಿದ್ದಾಳೆ.'